ಖಾಲಿ ಸೈಟು ತಿಪ್ಪೆಯಾಗಿದೆ, ಬೆಳಗಾದರೆ ಬೆಂಕಿ ಬೇರೆ. ಏನು ಮಾಡೋದ್ರಿ?

ಗಟಾರದ_ಪಕ್ಕದವ (ಹುಬ್ಬಳ್ಳಿ)

ನಮಸ್ಕಾರ್ರಿ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನಮ್ಮ ಮನೆಯಿಂದ ಮೂರನೆಯದು ಖಾಲಿ ಸೈಟು. ಹತ್ತು ವರ್ಷದಿಂದ ಹಾಗೇ ಬಿದ್ದಿದೆ. ಮೊದಲು ಅಲ್ಲಿ ಜಾಲಿ ಕಂಟಿ ಬಿಟ್ಟರೆ ಏನೂ ಇರಲಿಲ್ಲ. ಹುಡುಗರು ಕ್ರಿಕೆಟ್ ಚೆಂಡು ಹುಡುಕೋಕೆ ಮಾತ್ರ ಒಳಗೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ರಾತ್ರಿ ಯಾರೋ ಟ್ರ್ಯಾಕ್ಟರ್ ತಂದು ಮನೆ ಕೆಡವಿದ ಮಣ್ಣು, ಇಟ್ಟಂಗಿ ಚೂರು ಸುರಿದು ಹೋದರು. ಅಲ್ಲಿಂದ ಶುರು ನೋಡಿ. ಅದರ ಮೇಲೆ ಒಂದು ಹಳೇ ಗಾದಿ ಬಿತ್ತು, ಆಮೇಲೆ ಎಳನೀರಿನ ಬುರುಡೆ, ಆಮೇಲೆ ಕ್ಯಾರಿ ಬ್ಯಾಗ್. ಈಗ ದಿನಾ ಬೆಳಗ್ಗೆ ಇಪ್ಪತ್ತು-ಮೂವತ್ತು ಗಂಟು ಬಿದ್ದಿರುತ್ತವೆ. ನಾಯಿ ಹರಿಯುತ್ತವೆ, ಹಂದಿ ಬಂದು ಉಳಿದದ್ದನ್ನು ಗಟಾರಕ್ಕೆ ಎಳೆದು ಹಾಕುತ್ತವೆ.

ಪಾಲಿಕೆಗೆ ಫೋನ್ ಮಾಡಿ ಹೇಳಿದ್ದೆ. ಬಂದರು, ಜೆಸಿಬಿ ಹಚ್ಚಿ ಪೂರ್ತಿ ಬಳಿದು ಒಯ್ದರು, ಬ್ಲೀಚಿಂಗ್ ಪುಡಿಯನ್ನೂ ಉದುರಿಸಿದರು. ಅವರ ಮೇಲೆ ನನಗೆ ತಕರಾರಿಲ್ಲ. ಆದರೆ ಐದನೇ ದಿನಕ್ಕೆ ಮತ್ತೆ ಅದೇ ಹಾಡು.

ಈಗ ಹೊಸದಾಗಿ ಬೆಂಕಿ. ಬೆಳಗ್ಗೆ ಐದೂವರೆಗೆ ಯಾರೋ ಹಚ್ಚಿ ಹೋಗುತ್ತಾರೆ. ಪ್ಲಾಸ್ಟಿಕ್ ಸುಟ್ಟ ಆ ನೀಲಿ ಹೊಗೆ ಮೇಲೆ ಏಳುವುದೇ ಇಲ್ಲ, ಚಳಿಗೆ ನೆಲ ಹಿಡಿದು ಸೀದಾ ನಮ್ಮ ಕಿಟಕಿಗೆ ಬರುತ್ತದೆ. ಅವ್ವನಿಗೆ ದಮ್ಮು ಇದೆ. ಹೋದ ವಾರ ಎರಡು ಸಲ ನೆಬ್ಯುಲೈಸರ್ ಹಚ್ಚಬೇಕಾಯಿತು.

ನನ್ನ ಪ್ರಶ್ನೆ ಇಷ್ಟೇ. ಬಳಿಯುವುದಲ್ಲ, ಬೀಳುವುದು ನಿಲ್ಲಬೇಕು. ಕ್ಯಾಮೆರಾ ಹಾಕಿಸಲಾ? ಓಣಿಯವರು ಯಾರೂ ಹಾಕುವುದಿಲ್ಲ, ಹೊರಗಿನವರು ಬೈಕಿನಲ್ಲಿ ಬಂದು ಒಗೆದು ಹೋಗುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ.

---

ಚಿಗರಿ_ಪಾಸ್

ಅಣ್ಣಾ, ಮೊದಲು ಬರವಣಿಗೆಯಲ್ಲಿ ದೂರು ಕೊಡಿ, ಫೋನ್ ಮಾತು ಗಾಳಿಗೆ ಹೋಗುತ್ತದೆ. ಸ್ವಚ್ಛತಾ ಆ್ಯಪ್‌ನಲ್ಲಿ ಫೋಟೋ ಹಾಕಿದರೆ ಜಾಗದ ಗುರುತು ಅದೇ ಹಿಡಿಯುತ್ತದೆ, ದೂರಿನ ನಂಬರ್ ಸಿಗುತ್ತದೆ. ಅದರ ಜೊತೆ ನಿಮ್ಮ ವಲಯ ಕಚೇರಿಗೆ ಒಂದು ಅರ್ಜಿ ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ನಮ್ಮದು ಹುಬ್ಬಳ್ಳಿ-ಧಾರವಾಡ ಸೇರಿ 82 ವಾರ್ಡಿನ ಊರು, ವಾರ್ಡ್ ನಂಬರ್ ಬರೆಯದೆ "ದೇವಸ್ಥಾನದ ಹಿಂದೆ" ಅಂತ ಬರೆದರೆ ಅರ್ಜಿ ಎಲ್ಲೋ ತಿರುಗಾಡುತ್ತಾ ಇರುತ್ತದೆ.

ಕ್ಯಾಮೆರಾ ಹಾಕಿಸಿ, ಖರ್ಚು ಜಾಸ್ತಿ ಏನಿಲ್ಲ.

---

ನೌಕರಿ_ಮುಗಿಸಿದವ (ಹಾವೇರಿ ಜಿಲ್ಲೆ)

ತಮ್ಮಾ, ನಾನು ಮೂವತ್ತು ವರ್ಷ ಒಂದು ಪುರಸಭೆಯಲ್ಲಿ ಆರೋಗ್ಯ ಶಾಖೆಯಲ್ಲೇ ಇದ್ದವನು. ಕ್ಯಾಮೆರಾಕ್ಕೆ ಅವಸರ ಬೇಡ. ಮಂಕಿ ಟೋಪಿ ಹಾಕಿಕೊಂಡ ಮನುಷ್ಯ ಗಂಟು ಒಗೆಯುವುದು ಅದರಲ್ಲಿ ಕಾಣುತ್ತದೆ, ಅಷ್ಟೇ. ಅವನು ಯಾಕೆ ಒಗೆದ ಅಂತ ಕಾಣುವುದಿಲ್ಲ. ನಿಮಗೆ ಬೇಕಾದ್ದು ಅದು.

ಕಸ ಬೀಳುವ ಜಾಗಕ್ಕೆ ಮೂರು ಥರದ ಗಿರಾಕಿ ಇರುತ್ತಾರೆ. ಒಬ್ಬರು, ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಇಲ್ಲದವರು. ಗಂಡ-ಹೆಂಡತಿ ಇಬ್ಬರೂ ಏಳಕ್ಕೆ ಕೆಲಸಕ್ಕೆ ಹೋದರೆ, ಒಂಬತ್ತಕ್ಕೆ ಬರುವ ಗಾಡಿಗೆ ಕಸ ಯಾರು ಕೊಡಬೇಕು? ಇನ್ನೊಬ್ಬರು ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ಅಂಗಡಿಯವರು, ಎಗ್ ರೈಸ್ ಗಾಡಿಯವರು. ಮೂರನೆಯವರು ಗಾಡಿಯವ ತೆಗೆದುಕೊಳ್ಳದ ಸಾಮಾನು ಇರುವವರು. ಗಾದಿ, ಒಡೆದ ಕಮೋಡು, ಮನೆ ರಿಪೇರಿ ಮಾಡಿದ ಮಣ್ಣು. ಈ ಮೂವರಿಗೂ ಔಷಧ ಬೇರೆ ಬೇರೆ. ಒಂದೇ ಬೋರ್ಡ್ ಬರೆಸಿ "ಇಲ್ಲಿ ಕಸ ಹಾಕಿದರೆ ದಂಡ" ಅಂದರೆ ಯಾರಿಗೂ ತಾಗುವುದಿಲ್ಲ. ನಾನೇ ನೂರಾರು ಬೋರ್ಡ್ ಬರೆಸಿದ್ದೇನೆ. ಬೋರ್ಡಿಗೆ ಆನಿಸಿಯೇ ಗಂಟು ಇಟ್ಟು ಹೋಗುತ್ತಿದ್ದರು.

ಹತ್ತು ದಿನ ಒಂದು ಕೆಲಸ ಮಾಡಿ. ಗಾಡಿ ಎಷ್ಟಕ್ಕೆ ಬಂತು, ಎಲ್ಲಿ ನಿಂತಿತು, ಯಾವ ದಿನ ಬರಲಿಲ್ಲ, ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಗಂಟು ಯಾವಾಗ ಬೀಳುತ್ತವೆ ಅದನ್ನೂ ಬರೆಯಿರಿ. ರಾತ್ರಿ ಬೀಳುವುದು, ಬೆಳಗಿನ ಜಾವ ಬೀಳುವುದು ಬೇರೆ ಬೇರೆ ಜನದ್ದು.

ಆಮೇಲೆ ಕೈಗೆ ಗ್ಲೌಸ್ ಹಾಕಿಕೊಂಡು, ಕೋಲು ಹಿಡಿದು ನಾಲ್ಕು ಗಂಟು ಬಿಚ್ಚಿ ನೋಡಿ. ಹೇಸಿಕೊಳ್ಳಬೇಡಿ. ನಮ್ಮಲ್ಲಿ ಒಬ್ಬ ಪೌರಕಾರ್ಮಿಕ ಅಕ್ಕ ಇದ್ದಳು. ಆಕೆ ಗಂಟು ಬಿಚ್ಚುತ್ತಲೂ ಇರಲಿಲ್ಲ, ದೂರದಿಂದ ನೋಡಿಯೇ ಹೇಳುತ್ತಿದ್ದಳು. "ಇದು ಮೂಲಿ ಮನಿ ಮಾಸ್ತರರದ್ರಿ, ಅವರು ಎರಡ್ ಗಂಟು ಹಾಕ್ತಾರ. ಇದು ಬಾಡಗಿ ಹುಡುಗೂರದು, ಗಂಟೇ ಹಾಕೂದಿಲ್ಲ." ಒಂದು ಸಲವೂ ತಪ್ಪಿದ್ದು ನಾನು ನೋಡಿಲ್ಲ. ನಿಮ್ಮ ಓಣಿ ಗುಡಿಸುವವರನ್ನು ಒಮ್ಮೆ ಚಹಾ ಕೊಟ್ಟು ಕೇಳಿ. ಯಾರೂ ಅವರನ್ನು ಕೇಳುವುದಿಲ್ಲ, ಅದೇ ದೊಡ್ಡ ತಪ್ಪು.

ಸೈಟಿನ ಮಾಲೀಕನನ್ನೂ ಬಿಡಬೇಡಿ. ಖಾಲಿ ಸೈಟಿಗೂ ಆಸ್ತಿ ತೆರಿಗೆ ಇರುತ್ತದೆ, ಅದಕ್ಕೆ ಪಿಐಡಿ ನಂಬರ್, ಅಂದರೆ ಆಸ್ತಿಯ ಗುರುತಿನ ನಂಬರ್ ಇರುತ್ತದೆ. ಅರ್ಜಿಯಲ್ಲಿ "ಮಾಲೀಕರಿಗೆ ನೋಟಿಸ್ ಕೊಟ್ಟು ಸ್ವಚ್ಛ ಮಾಡಿಸಿ, ಬೇಲಿ ಹಾಕಿಸಿ" ಅಂತ ಬಿಡಿಸಿ ಬರೆಯಿರಿ. "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಸೂಕ್ತ ಯಾವುದು ಅಂತ ಅವರೇ ತೀರ್ಮಾನಿಸುತ್ತಾರೆ.

---

ಬೆಟಗೇರಿ_ಮಗ್ಗ (ಗದಗ)

ಬೆಂಕಿ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಇಡೀ ದೇಶಕ್ಕೆ ನಿಷೇಧ ಮಾಡಿದೆ. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿ ರಾಶಿ ಸುಟ್ಟರೆ 25,000 ರೂಪಾಯಿ. ಅದೇ ವರ್ಷದ ಘನತ್ಯಾಜ್ಯ ನಿಯಮದಲ್ಲೂ ಬೀದಿಗೆ, ಬಯಲಿಗೆ, ಗಟಾರಕ್ಕೆ, ಕೆರೆಗೆ ಕಸ ಒಗೆಯಬಾರದು, ಸುಡಬಾರದು, ಹೂಳಬಾರದು ಅಂತ ಸ್ಪಷ್ಟವಾಗಿತ್ತು. ಮದುವೆ ಮಂಟಪದವರು ಪ್ಲಾಸ್ಟಿಕ್ ತಾಟು-ಲೋಟ ಹಿಂದಿನ ಗೋಡೆಗೆ ಹಾಕಿ ಕಡ್ಡಿ ಗೀರುತ್ತಾರಲ್ಲ, ಅವರಿಗೂ ಇದು ಅನ್ವಯ.

ಆ ನೀಲಿ ಹೊಗೆ ಸುಮ್ನೆ ವಾಸನೆ ಅಲ್ಲ ಸರ್. ಪ್ಲಾಸ್ಟಿಕ್, ಅದರಲ್ಲೂ ಪಿವಿಸಿ ಪೈಪು, ರೆಕ್ಸಿನ್ ಇಂಥವು ಇಂಥ ಕಡಿಮೆ ಶಾಖದಲ್ಲಿ ಅರೆಬರೆಯಾಗಿ ಸುಟ್ಟಾಗ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಮೈಯೊಳಗೆ ಹೋದರೆ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಮುಚ್ಚಳ ಮುಚ್ಚಿದ ಹಾಗೆ ಆಗಿ ಹೊಗೆ ಕೆಳಗೇ ಉಳಿಯುತ್ತದೆ. ನಿಮ್ಮ ತಾಯಿಗೆ ಜಾಸ್ತಿ ಆಗುತ್ತಿರುವುದು ಅದಕ್ಕೇ.

ಸುಡುವವರನ್ನು ಹಿಡಿದು ದಂಡ ಹಾಕಿಸಿ. ಒಬ್ಬನಿಗೆ ಬಿದ್ದರೆ ಹತ್ತು ಜನ ಹೆದರುತ್ತಾರೆ.

---

ಮಾಳಮಡ್ಡಿ_ವೈನಿ (ಧಾರವಾಡ)

ದಂಡಕ್ಕೆ ಮೊದಲು ಸುಡುವವರು ಯಾರು ಅಂತ ನೋಡಿ. ನಮ್ಮ ಓಣಿಯಲ್ಲಿ ಸುಡುತ್ತಿದ್ದವರು ಎಪ್ಪತ್ತೈದು ದಾಟಿದ ಕಾಕಾ. ಪಾಪ, ಸ್ವಚ್ಛ ಮಾಡುತ್ತಿದ್ದೇನೆ ಅಂದುಕೊಂಡಿದ್ದರು! ಹಳ್ಳಿಯಲ್ಲಿ ಎಲೆ, ಕಡ್ಡಿ ಸುಟ್ಟು ರೂಢಿ. ಈಗಿನ ಕಸದಲ್ಲಿ ಎಲೆ ಎಲ್ಲಿದೆ, ಎಲ್ಲಾ ಕುರ್‌ಕುರೆ ಚೀಟು.

ನಾವು ಮಾಡಿದ್ದು ಹೇಳುತ್ತೇನೆ. ನಮ್ಮದು ಸೈಟಲ್ಲ, ಟ್ರಾನ್ಸ್‌ಫಾರ್ಮರ್ ಕೆಳಗಿನ ಮೂಲೆ. ಬಳಿಸಿದ ದಿನವೇ ನೆಲಕ್ಕೆ ಸಗಣಿ ಸಾರಿಸಿ ದೊಡ್ಡ ರಂಗೋಲಿ ಹಾಕಿದೆವು. ಅದರಿಂದ ನಿಲ್ಲುತ್ತದೆ ಅಂತ ನಂಬಬೇಡಿ, ರಂಗೋಲಿ ಮೇಲೇ ಬಿದ್ದವು ಎರಡು ಗಂಟು. ನಿಂತದ್ದು ಯಾವುದರಿಂದ ಅಂದರೆ, ನಾವು ನಾಲ್ಕು ಜನ ಹೆಂಗಸರು ಹದಿನೈದು ದಿನ ಬೆಳಗ್ಗೆ ಆರರಿಂದ ಏಳೂವರೆ ತನಕ ಅಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಹಾ ಕುಡಿದೆವು. ಯಾರಿಗೂ ಬೈಯಲಿಲ್ಲ. ಗಂಟು ಹಿಡಿದು ಬಂದವರಿಗೆ "ಚಹಾ ಕುಡೀರಿ, ಬರ್ರಿ" ಅಂದೆವು. ಗಂಟು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು "ಇಲ್ರಿ, ವಾಕಿಂಗ್ ಹೊಂಟೀನಿ" ಅಂತ ಹೋದವರನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಅಲ್ಲಿ ಕೂತಾಗಲೇ ಗೊತ್ತಾಗಿದ್ದು, ಮುಕ್ಕಾಲು ಭಾಗ ನಮ್ಮದೇ ಓಣಿಯವರು. "ಹೊರಗಿನವರು" ಅನ್ನುವುದು ಎಲ್ಲಾ ಓಣಿಯಲ್ಲೂ ಹೇಳುವ ಮಾತು.

ದೇವರ ಫೋಟೋದ ಟೈಲ್ಸ್ ಮಾತ್ರ ಹಚ್ಚಬೇಡಿ. ಕಸ ನಾಲ್ಕು ಹೆಜ್ಜೆ ಆಚೆ ಸರಿಯುತ್ತದೆ, ದೇವರು ಇಲ್ಲಿ ಧೂಳು ತಿನ್ನುತ್ತಾ ನಿಲ್ಲುತ್ತಾನೆ.

ಹಸಿ ಕಸ ಮನೆಯಲ್ಲೇ ಉಳಿಸಿಕೊಂಡರೆ ಅರ್ಧ ತಲೆನೋವು ಕಡಿಮೆ. ತೂತು ಕೊರೆದ ಹಳೇ ಬಣ್ಣದ ಬಕೆಟ್, ಕೆಳಗೆ ಒಣ ಎಲೆ, ಮೇಲೆ ತರಕಾರಿ ಸಿಪ್ಪೆ, ಮತ್ತೆ ಒಣ ಎಲೆ, ನಡುನಡುವೆ ಒಂದು ಲೋಟ ಹುಳಿ ಮಜ್ಜಿಗೆ. ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ, ಇನ್ನೊಂದು ಬೊಗಸೆ ಒಣ ಎಲೆ ಹಾಕಿ. ಎರಡು ತಿಂಗಳಿಗೆ ಗೊಬ್ಬರ. ಆದರೆ ಮಾಂಸ, ಎಲುಬು, ಎಣ್ಣೆ ಹಾಕಿದರೆ ಇಲಿ ಬರುತ್ತವೆ, ಹುಷಾರು.

---

ಸುಮ್ನೆ_ಓದುವವ

ಚಹಾ ಕುಡಿಯಬೇಕು, ಗಂಟು ಬಿಚ್ಚಬೇಕು, ನೋಟ್‌ಬುಕ್ ಬರೆಯಬೇಕು. ಎಲ್ಲಾ ನಾವೇ ಮಾಡಿದರೆ ಆಸ್ತಿ ತೆರಿಗೆ ಜೊತೆ ಕಸದ ಉಪಕರ ಯಾಕ್ರಿ ಕಟ್ಟೋದು? ಏಪ್ರಿಲ್‌ನಲ್ಲೇ ಕಟ್ಟಿದರೆ ಐದು ಪರ್ಸೆಂಟ್ ಬಿಡುತ್ತಾರೆ ಅಂತ ಮೊದಲೇ ಕಟ್ಟುವ ಪೈಕಿ ನಾನು. ದುಡ್ಡಿಲ್ಲ, ಮಂದಿ ಇಲ್ಲ ಅಂತ ಯಾವ ಊರಲ್ಲಿ ಕೇಳಿದರೂ ಅದೇ ಉತ್ತರ. ಈಗ ಹುಬ್ಬಳ್ಳಿ ಜೊತೆಗಿದ್ದ ಧಾರವಾಡಕ್ಕೆ ಬೇರೆ ಪಾಲಿಕೆ ಅಂತ 2025ರ ಜನವರಿಯಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು. ಪಾಲಿಕೆ ಎರಡಾದರೆ ಗಂಟು ಅರ್ಧ ಆಗುತ್ತವಾ?

---

ನೌಕರಿ_ಮುಗಿಸಿದವ (ಹಾವೇರಿ ಜಿಲ್ಲೆ)

ಸುಮ್ನೆ ಓದುವವರೇ, ನಿಮ್ಮ ಸಿಟ್ಟು ನ್ಯಾಯವೇ. ದುಡ್ಡಿಲ್ಲ ಅನ್ನುವುದು ಕಾನೂನಿನ ಮುಂದೆ ನಡೆಯುವುದೂ ಇಲ್ಲ. ಮಧ್ಯಪ್ರದೇಶದ ರತ್ಲಾಮ್ ಊರಿನ ಜನ ತೆರೆದ ಗಟಾರ, ಹೊಲಸಿನ ವಿರುದ್ಧ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿದ್ದರು. ನಗರಸಭೆ ದುಡ್ಡಿಲ್ಲ ಅಂತ ಸುಪ್ರೀಂ ಕೋರ್ಟ್ ತನಕ ಹೋಯಿತು. 1980ರಲ್ಲಿ ಕೋರ್ಟ್ ಹೇಳಿದ್ದು, ಊರು ಸ್ವಚ್ಛ ಇಡುವುದಕ್ಕೆ ದುಡ್ಡಿಲ್ಲ ಅನ್ನುವ ನೆಪ ಸಲ್ಲದು ಅಂತ. ಇಂಥ ಸಾರ್ವಜನಿಕ ಉಪದ್ರವ ತೆಗೆಸೋಕೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗುವ ದಾರಿ ಆಗ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ, ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೇ ಕಲಂ. ನೌಕರಿಯಲ್ಲಿದ್ದಾಗ ನಮ್ಮ ಮೇಲೇ ಈ ಕಲಂ ಹಿಡಿದು ಬಂದಿದ್ದರು ಒಬ್ಬ ಮಾಸ್ತರರು, ಎರಡು ದಿನ ನಿದ್ದೆ ಇರಲಿಲ್ಲ ನಮಗೆ.

ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದ ಒಳಗೆ, 30 ದಿನದಲ್ಲಿ ಉತ್ತರ. "ನಮ್ಮ ಓಣಿಗೆ ಕಸದ ಗಾಡಿ ಬರುವ ವೇಳಾಪಟ್ಟಿ ಮತ್ತು ಹೋದ ತಿಂಗಳ ಹಾಜರಿ" ಅಂತ ಮಾತ್ರ ಕೇಳಿ. ಊರಿನ ಪುರಾಣ ಎಲ್ಲಾ ಕೇಳಿದರೆ ಒಂದಕ್ಕೂ ಉತ್ತರ ಬರಲ್ಲ.

ಆದರೆ ಒಂದು ಮಾತು. ತೆರಿಗೆ ಕಟ್ಟಿದ್ದೇವೆ ಅಂತ ಹಸಿ-ಒಣ ಎಲ್ಲಾ ಒಂದೇ ಚೀಲಕ್ಕೆ ತುರುಕಿ ಕೊಟ್ಟರೆ, ಅದನ್ನು ಕೈ ಹಾಕಿ ಬೇರೆ ಮಾಡುವುದು ನಿಮ್ಮಂಥದ್ದೇ ಒಂದು ಕೈ. ಬ್ಲೇಡ್, ಒಡೆದ ಟ್ಯೂಬ್‌ಲೈಟ್ ಕೊಯ್ದು ಹೊಲಿಗೆ ಹಾಕಿಸಿಕೊಂಡವರನ್ನು ದವಾಖಾನೆಗೆ ಕರೆದೊಯ್ದಿದ್ದೇನೆ. 2026ರ ಏಪ್ರಿಲ್ 1ರಿಂದ ಹೊಸ ನಿಯಮ ಇದೆ, ಅದರಲ್ಲಿ ನಾಲ್ಕು ಭಾಗ ಮಾಡಬೇಕು. ಹಸಿ, ಒಣ, ಡೈಪರ್-ಪ್ಯಾಡಿನಂಥವು ಬೇರೆ, ಬಲ್ಬು-ಬಣ್ಣದ ಡಬ್ಬಿ-ಹಳೇ ಔಷಧಿ ಬೇರೆ.

---

ಗಟಾರದ_ಪಕ್ಕದವ (ಹುಬ್ಬಳ್ಳಿ)

ಹನ್ನೆರಡು ದಿನ ಆಯಿತು. ಆಗಿದ್ದನ್ನು ಬರೆಯಲೇಬೇಕು, ನಾಚಿಕೆ ಆದರೂ.

ಹಿರಿಯರು ಹೇಳಿದಂತೆ ನೋಟ್‌ಬುಕ್ ಇಟ್ಟೆ. ಗಾಡಿ ಬರುವುದು ಒಂಬತ್ತರಿಂದ ಒಂಬತ್ತೂಮುಕ್ಕಾಲರ ನಡುವೆ, ಹತ್ತರಲ್ಲಿ ಎಂಟು ದಿನ ಬಂದಿದೆ. ಗಂಟು ಬೀಳುವುದು ಆರರಿಂದ ಏಳರ ನಡುವೆ ಜಾಸ್ತಿ, ರಾತ್ರಿ ಹತ್ತರ ಮೇಲೆ ಐದಾರು. ರಾತ್ರಿಯದ್ದರಲ್ಲಿ ಬರೀ ಉಳ್ಳಾಗಡ್ಡಿ ಸಿಪ್ಪೆ, ತತ್ತಿ ಒಡಪು. ಅದು ಯಾರದು ಅಂತ ಗೊತ್ತಾಗೋಕೆ ಕ್ಯಾಮೆರಾ ಬೇಡ.

ಭಾನುವಾರ ಕೋಲು ಹಿಡಿದು ಬೆಳಗಿನ ಗಂಟು ಬಿಚ್ಚಿದೆ. ಮೊದಲನೆಯದರಲ್ಲಿ ಹಾಲಿನ ಪಾಕೀಟು, ಚಹಾ ಚರಟ, ಒಂದು ಹರಿದ ಸಾಕ್ಸ್. ಎರಡನೆಯದರಲ್ಲಿ ಮಡಚಿದ ಕರೆಂಟ್ ಬಿಲ್ಲು. ಒದ್ದೆಯಾಗಿತ್ತು, ಆದರೆ ಆರ್‌ಆರ್ ನಂಬರ್ ಓದೋಕೆ ಬರುತ್ತಿತ್ತು. ಆ ನಂಬರ್ ನನಗೆ ಬಾಯಿಪಾಠ ಇದೆ. ನಮ್ಮದೇ ಮೇಲಿನ ಮನೆ ಮೀಟರ್ರಿ ಅದು!

ನಮ್ಮ ಬಾಡಿಗೆಯವರು. ಗಂಡ ಆರೂವರೆಗೆ ಕಾರ್ಖಾನೆ ಬಸ್ಸು ಹಿಡಿಯುತ್ತಾನೆ, ಹೆಂಡತಿ ಏಳೂಕಾಲಿಗೆ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗುತ್ತಾಳೆ. ಕೇಳಿದರೆ ಆಕೆ ತಲೆ ತಗ್ಗಿಸಿ, "ಅಣ್ಣಾರ, ನಿಮ್ಮ ಗೇಟಿನಾಗ ಕಸ ಇಟ್ಟು ಹೋದ್ರ ನಾಯಿ ಹರೀತಾವಂತ ಬಂದ್ ಹೊಸದಾಗಿ ನೀವ ಬೈದಿದ್ರಿ" ಅಂದಳು. ಹೌದು. ಬೈದಿದ್ದೆ. ಮರೆತೇಬಿಟ್ಟಿದ್ದೆ.

ಈಗ ಗೇಟಿನ ಒಳಗೆ ಮುಚ್ಚಳ ಇರುವ ಎರಡು ಡ್ರಮ್ ಇಟ್ಟಿದ್ದೇನೆ, ಒಂದು ಹಸಿ, ಒಂದು ಒಣ. ಒಂಬತ್ತಕ್ಕೆ ನಾನೋ ಅವ್ವನೋ ಗಾಡಿಗೆ ಕೊಡುತ್ತೇವೆ. ಪಕ್ಕದ ಎರಡು ಬಾಡಿಗೆ ಮನೆಯವರೂ ಅದಕ್ಕೇ ಹಾಕುತ್ತಾರೆ. ಬೆಳಗಿನ ಗಂಟು ಏಳೆಂಟಕ್ಕೆ ಇಳಿದಿವೆ. ಗಾಡಿಯ ಹುಡುಗನನ್ನು ಕೇಳಿದೆ, ವಾರದಲ್ಲಿ ಎರಡು ದಿನ ಈ ಓಣಿಯಿಂದಲೇ ಶುರು ಮಾಡೋಕಾಗುತ್ತಾ ಅಂತ. ಸೂಪರ್‌ವೈಸರ್ ಹೇಳಿದರೆ ಮಾಡ್ತೀನಿ ಅಂದ. ಅರ್ಜಿಯಲ್ಲಿ ಅದನ್ನೇ ಬರೆದುಕೊಟ್ಟಿದ್ದೇನೆ.

ಬೆಂಕಿ ಹಚ್ಚುತ್ತಿದ್ದವರೂ ಸಿಕ್ಕರು. ವೈನಿ ಹೇಳಿದ ಹಾಗೇ ಆಯಿತು, ಎದುರು ಮನೆ ಅಜ್ಜ. "ಹಂದಿ ಬರ್ತಾವ್ರಿ, ಹೊಗಿಗೆ ಓಡ್ತಾವ" ಅಂದರು. ಅವರಿಗೆ ಕಾನೂನು, ದಂಡ ಏನೂ ಹೇಳಲಿಲ್ಲ. ಅವ್ವನ ನೆಬ್ಯುಲೈಸರ್ ಒಯ್ದು ತೋರಿಸಿದೆ. ಸುಮ್ಮನೆ ನೋಡುತ್ತಾ ಕೂತರು. ಮರುದಿನದಿಂದ ಬೆಂಕಿ ಇಲ್ಲ. ಈಗ ಹಂದಿಗೆ ಕಲ್ಲು ಒಗೆಯುತ್ತಾರೆ, ಒಂದು ನಮ್ಮ ಬೈಕಿನ ಕನ್ನಡಿಗೆ ಬಿತ್ತು, ಇರಲಿ.

ಸೈಟಿನ ಮಾಲೀಕರು ಪುಣೆಯಲ್ಲಿದ್ದಾರಂತೆ. ಫೋನಲ್ಲಿ ಒಳ್ಳೆಯದಾಗಿಯೇ ಮಾತಾಡಿದರು, ತಂತಿ ಬೇಲಿ ಹಾಕಿಸುತ್ತೇನೆ ಅಂದಿದ್ದಾರೆ. ಮಳೆಗಾಲದೊಳಗೆ ಆಗಬೇಕು. ಇಲ್ಲಾಂದರೆ ಆ ಎಳನೀರಿನ ಬುರುಡೆಯಲ್ಲಿ ನೀರು ನಿಂತು ಎಂಟು-ಹತ್ತು ದಿನಕ್ಕೊಂದು ಡೆಂಗಿ ಸೊಳ್ಳೆಯ ಸಂಸಾರ ಏಳುತ್ತದೆ, ಗಟಾರದ ಪ್ಲಾಸ್ಟಿಕ್ ಹೋಗಿ ಉಣಕಲ್ ನಾಲಾ ಸೇರುತ್ತದೆ.

ರಾತ್ರಿಯ ಎಗ್ ರೈಸ್ ಗಿರಾಕಿ ಮಾತ್ರ ಇನ್ನೂ ಬಗ್ಗಿಲ್ಲ. ಅಲ್ಲದೆ ಇವತ್ತು ಬೆಳಗ್ಗೆ ನೋಡಿದರೆ ಮತ್ತೊಂದು ಗಾದಿ ಬಿದ್ದಿದೆ! ಗಾಡಿಯವ ಒಯ್ಯುವುದಿಲ್ಲ ಅಂದ. ಇದನ್ನು ಎಲ್ಲಿ ಒಯ್ದು ಹಾಕಲಿ?

---

ಮಾಳಮಡ್ಡಿ_ವೈನಿ (ಧಾರವಾಡ)

ಹತ್ತಿಯದ್ದಾ, ಫೋಮಿನದ್ದಾ? ಹತ್ತಿಯದ್ದಾದರೆ ಒಣಗಿಸಿ ಇಡಿ, ಗಾದಿ ತುಂಬುವವರಿಗೆ ಹೇಳಿದರೆ ಬಂದು ಒಯ್ಯುತ್ತಾರೆ. ಫೋಮಿನದ್ದಾದರೆ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ. ಅಷ್ಟರೊಳಗೆ ಅಜ್ಜನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ, ಕಡ್ಡಿಪೆಟ್ಟಿಗೆ ಇನ್ನೂ ಜೇಬಲ್ಲೇ ಇರುತ್ತದೆ.